ಸುರಪುರದ ಹುಡುಗಿ ಸಂದರ್ಶನಕ್ಕೆ ಹೊರಟಳು

ವಾಚಕರೆ, ಪರರಿಗೆ ಬುದ್ಧಿ ಹೇಳುವ ಚಟ ನಿವೃತ್ತಿಯ ನಂತರ ಇಮ್ಮಡಿಸುತ್ತದೆಂದು ತಿಳಿದವರು ಹೇಳುತ್ತಾರೆ. 30 ವರ್ಷ ಶಾಲಾಮಾಸ್ತರಿಕೆ ಮಾಡಿದ ನನ್ನ ವಿಷಯದಲ್ಲಿ ಅದು ಮುಮ್ಮಡಿಸಿದೆಯೆಂಬುದು ನಮ್ಮ ಮನೆಯವರ ಅಭಿಪ್ರಾಯ. ಹೀಗಿರುವಾಗ ಕೆಲವು ತಿಂಗಳ ಹಿಂದೆ ನಮ್ಮ ಅಣ್ಣನ ಮಗಳು ಒಂದು ಕೈಚೀಲ, ಒಂದು ಫೈಲು ಹಿಡಿದುಕೊಂಡು ಸುರಪುರದಿಂದ ಯಾದಗಿರಿಗೆ ಬಂದಿಳಿದು, “ಕಾಕಾ, ಕಲಬುರಗ್ಯಾಗ ಇಂಟರ್‌ವ್ಯೂ ಅದ. ಎಂಟೇ ದಿನ ಉಳದಾವ. ನೀವ ಹೇಳಿಕೊಡಬೇಕು” ಎಂದಾಗ ನನಗಾದ ಸಂತೋಷವನ್ನು ತಾವೇ ಊಹಿಸಿಕೊಳ್ಳಬಹುದು.

ಸುರಪುರಕ್ಕೆ ರೈಲಿಲ್ಲ. ಶಹಾಪುರದ ಮೇಲೆ ಹಾಯ್ದು, ಮಲಗಿದ ಬುದ್ಧನಂತೆ ತೋರುವ ಬೆಟ್ಟವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ, ಭೀಮೆಯ ಸೇತುವೆ ದಾಟಿ ಯಾದಗಿರಿಗೆ ಬಂದರೆ ಮುಂಬಯಿ-ಚೆನ್ನೈ ಹಳಿ ಸಿಕ್ಕುತ್ತದೆ. ಅಲ್ಲಿಂದ ವಾಡಿಯ ಮೇಲೆ ಕಲಬುರಗಿ. ಈ ಕಾರಣದಿಂದ ಆ ಎರಡೂ ಊರುಗಳ ನೆಂಟರಿಷ್ಟರಿಗೆ ನಮ್ಮ ಮನೆ ಮೊದಲಿನಿಂದಲೂ ಒಂದು ಛತ್ರ. ಹುಡುಗಿ ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣ ಮುಗಿಸಿ, ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ವರ್ಷವೊಂದು ದುಡಿದಿದ್ದಳು. ಈಗ ಕರೆ ಬಂದದ್ದು ಕಲಬುರಗಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಿಂದ. ಅದರ ಹೆಸರು ಇಲ್ಲಿ ಅನಾವಶ್ಯಕ.

ಚಹ ಕುಡಿದೊಡನೆ ನಾನು ಕನ್ನಡಕ ಏರಿಸಿಕೊಂಡು ಪರೀಕ್ಷಕನ ಗತ್ತಿನಲ್ಲಿ ಕುಳಿತೆ. “ನಿಮ್ಮ ಪರಿಚಯ ಹೇಳಿರಿ” ಎಂದೆ. ಹುಡುಗಿ ಎದ್ದುನಿಂತು, ಗೈಡಿನಲ್ಲಿದ್ದ ಇಂಗ್ಲಿಷ್ ಪರಿಚ್ಛೇದವೊಂದನ್ನು ಉಸಿರು ಬಿಡದೆ ಒಪ್ಪಿಸಿದಳು. ಅವಳು ಪರಿಶ್ರಮಿ, ಸಮಯಪಾಲಕಿ, ಸೇವಾಮನೋಭಾವದವಳು, ತಂಡದೊಡನೆ ಬೆರೆಯಬಲ್ಲವಳು! ಇಷ್ಟು ಸದ್ಗುಣಗಳು ಒಂದೇ ಕಡೆ ನೆಲೆಸಿದ್ದನ್ನು ಕೇಳಿ ನಾನು ಭೇಷ್ ಎನ್ನುವಷ್ಟರಲ್ಲಿ ಬಾಗಿಲ ಬಳಿ ಯಾರೋ ನಕ್ಕ ಸದ್ದಾಯಿತು.

ಬಂದವರು ನಮ್ಮ ಓಣಿಯ ಸಿಸ್ಟರಮ್ಮ. ಕರಿಬೇವು ಕೇಳಲು ಬಂದಿದ್ದರು. ಮೂರು ದಶಕಕ್ಕೂ ಹೆಚ್ಚು ಕಾಲ ವಾರ್ಡುಗಳಲ್ಲಿ ಕಾಲು ಸವೆಸಿ, ಮೇಲ್ವಿಚಾರಕಿಯಾಗಿ ನಿವೃತ್ತರಾದ ಈ ಹೆಣ್ಣುಮಗಳು ಉದ್ಯೋಗಾಕಾಂಕ್ಷಿಗಳನ್ನು ಆರಿಸುವ ಮೇಜಿನ ಆಚೆ ಬದಿಯಲ್ಲಿಯೂ ಹಲವು ಸಲ ಕುಳಿತವರು. “ಮಾಸ್ತರ್ರ, ಈ ಪಾಠ ಅಲ್ಲಿಗಿ ಬರೋ ಎಲ್ಲಾ ಹುಡುಗ್ಯಾರಿಗೂ ಬಾಯಿಪಾಠ ಇರ್ತದ. ಹನ್ನೊಂದನೇದವಳು ಹೇಳೂ ಹೊತ್ತಿಗಿ ನಮಗ ನಿದ್ದಿ ಬರ್ತಿತ್ತು” ಎಂದರು. ಕರಿಬೇವು ಮರೆತು ಕುರ್ಚಿ ಎಳೆದುಕೊಂಡರು. ಅಂದಿನಿಂದ ಎಂಟು ದಿನ ನಾನು ವಿದ್ಯಾರ್ಥಿ, ಅವರು ಮಾಸ್ತರರು.

ಅವರು ಮೊದಲು ಕೇಳಿದ್ದು ಫೈಲು. ಅಂಕಪಟ್ಟಿಗಳು, ತೇರ್ಗಡೆಯ ಪ್ರಮಾಣಪತ್ರ, ನೋಂದಣಿ ಪತ್ರ, ಅನುಭವದ ಪತ್ರ. ಎಲ್ಲವನ್ನೂ ನೆಲದ ಮೇಲೆ ಹರಡಿಸಿ ಒಂದೊಂದರಲ್ಲಿಯೂ ಹೆಸರಿನ ಅಕ್ಷರಗಳನ್ನು ತಾಳೆ ನೋಡಿದರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮುಂದೆ, ನೋಂದಣಿಯಲ್ಲಿ ಹಿಂದೆ. ಇದೇನು ಮಹಾ ಎಂದು ನನಗೆ ಅನ್ನಿಸಿತು. ಆದರೆ ಇಂಥದೇ ಒಂದು ವ್ಯತ್ಯಾಸಕ್ಕಾಗಿ ತಿಂಗಳುಗಟ್ಟಲೆ ಅಲೆದವರನ್ನು ಅವರು ಕಂಡಿದ್ದರಂತೆ; ಮರುದಿನವೇ ಪ್ರಮಾಣಪತ್ರ ಬರೆಸಲು ಹುಡುಗಿಯನ್ನು ನೋಟರಿಯ ಬಳಿ ಅಟ್ಟಿದರು. ಮೂಲಪ್ರತಿಗಳನ್ನು ತೋರಿಸುವುದು ಬೇರೆ, ಒಪ್ಪಿಸಿಬಿಡುವುದು ಬೇರೆ ಎಂದು ಎರಡೆರಡು ಸಲ ಎಚ್ಚರಿಸಿದರು. ಕೆಲಸಕ್ಕೆ ಸೇರುವಾಗ ಅವನ್ನು ಕಪಾಟಿನಲ್ಲಿಟ್ಟುಕೊಂಡು, ಬಿಡುವಾಗ ಸತಾಯಿಸುವ ಸ್ಥಳಗಳುಂಟು. ನೋಡಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತರಬೇಕು.

ಈ ನೋಂದಣಿಯ ವಿಷಯ ಬಂದದ್ದರಿಂದ ಒಂದು ಮಾತು. “ರಿಜಿಸ್ಟರ್ಡ್ ನರ್ಸ್” ಎಂಬ ಬಿರುದು ಹಳೆಯದೇನಲ್ಲ. ದೇಶಕ್ಕೆಲ್ಲ ಅನ್ವಯಿಸುವಂತೆ ದಾದಿಯರ ಹೆಸರುಗಳನ್ನು ಪಟ್ಟಿಗೆ ಸೇರಿಸುವ ಕಾನೂನನ್ನು ಮೊದಲು ಮಾಡಿದ್ದು ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷ ಆ ಪಟ್ಟಿಯಲ್ಲಿ ಮೊದಲ ಹೆಸರು ಎಲೆನ್ ಡೊಹರ್ಟಿ ಎಂಬಾಕೆಯದು. ಇಂಗ್ಲೆಂಡಿನಲ್ಲಿ ಇದಕ್ಕಾಗಿ 30 ವರ್ಷ ಕಾದಾಟವೇ ನಡೆದು 1919ರಲ್ಲಿ ಕಾನೂನಾಯಿತು. ಸೋಜಿಗವೆಂದರೆ ಅಲ್ಲಿ ನೋಂದಣಿಯನ್ನು ವಿರೋಧಿಸಿದವರ ಪೈಕಿ ಫ್ಲಾರೆನ್ಸ್ ನೈಟಿಂಗೇಲರೇ ಇದ್ದರು! ಒಳ್ಳೆಯ ದಾದಿಯ ಗುಣ ಪರೀಕ್ಷೆಯ ಅಂಕಗಳಲ್ಲಿ ಸಿಕ್ಕುವಂಥದಲ್ಲವೆಂಬುದು ಆಕೆಯ ವಾದ. ನಮ್ಮಲ್ಲಿ ಮದರಾಸು ಪ್ರಾಂತ್ಯ 1926ರಲ್ಲಿ ಇಂಥ ಶಾಸನ ಮಾಡಿತು. ಭಾರತೀಯ ನರ್ಸಿಂಗ್ ಪರಿಷತ್ತಿನ ಕಾನೂನು 1947ರದು. ನಮ್ಮ ರಾಜ್ಯದ್ದು 1961ರದು. ನೋಂದಣಿಯಿಲ್ಲದೆ ರೋಗಿಯ ಮೈಮುಟ್ಟಬಾರದೆಂಬುದು ಇಂದು ಯಾರೂ ಅಲ್ಲಗಳೆಯದ ಮಾತು. ಆದರೂ ಆ ಮುದುಕಿಯ ವಾದ ಪೂರ್ತಿ ಸೋತಿತೆಂದು ನನಗೆ ಅನ್ನಿಸುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರನ್ನೇ ಕರೆದು ಮತ್ತೆ ಎದುರಿಗೆ ಕೂರಿಸಿಕೊಂಡು ನೋಡುವ ಪದ್ಧತಿ ಏತಕ್ಕೆ ಉಳಿದಿದೆ? ಪಟ್ಟಿ ಹೇಳಲಾರದ್ದೇನೋ ಇದೆ ಎಂದಲ್ಲವೆ?

ಇರಲಿ. ಸಿಸ್ಟರಮ್ಮನ ಪದ್ಧತಿಯಲ್ಲಿ “ಹೇಳು” ಎಂಬ ಶಬ್ದಕ್ಕಿಂತ “ತೋರಿಸು” ಎಂಬ ಶಬ್ದ ಹೆಚ್ಚು. ನಮ್ಮ ತಲೆದಿಂಬು ಎದೆ ನಿಂತ ರೋಗಿಯಾಯಿತು. ಹುಡುಗಿ ಮೊಣಕಾಲೂರಿ ಅದನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ, 30 ಸಲ ಒತ್ತಿ ಎರಡು ಸಲ ಉಸಿರೂದಿದಳು. ಎರಡನೆಯ ದಿನಕ್ಕೆ ದಿಂಬಿನ ಹತ್ತಿ ಹೊರಬಂದುದರಿಂದ ಈ ಪಾಠ ನಿಂತಿತು. ಕಸದ ಬಣ್ಣಗಳನ್ನು ಅಡಿಗೆಮನೆಯ ಡಬ್ಬಿಗಳಿಂದಲೇ ಅಭ್ಯಾಸ ಮಾಡಿಸಿದರು: ರಕ್ತ, ಕೀವು ತಗುಲಿದ ಹತ್ತಿ-ಬಟ್ಟೆಗಳು ಹಳದಿಗೆ, ಸಲೈನಿನ ಕೊಳವೆಗಳು ಕೆಂಪಿಗೆ, ಸೂಜಿ-ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. 2016ರ ನಿಯಮಗಳಿವು. ಸಂದರ್ಶನದಲ್ಲಿ ತಪ್ಪದೆ ಕೇಳುತ್ತಾರೆ. ಉತ್ತರಿಸಿದವರೇ ವಾರ್ಡಿನಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದೂ ಉಂಟಂತೆ.

ಲೆಕ್ಕವೂ ಇತ್ತು. ಒಂದು ಲೀಟರ್ ಸಲೈನು ಎಂಟು ಗಂಟೆಯಲ್ಲಿ ಹೋಗಬೇಕು; ಕೊಳವೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್; ನಿಮಿಷಕ್ಕೆ ಎಷ್ಟು ಹನಿ? ಹುಡುಗಿ ಕಾಗದ ಹುಡುಕುವಷ್ಟರಲ್ಲಿ ನಾನು ಗಣಿತದ ಮಾಸ್ತರನಾದ ಹೆಮ್ಮೆಯಿಂದ “41.66” ಎಂದೆ. “ಪಾಯಿಂಟ್ ಆರಾರು ಹನಿ ಹ್ಯಾಂಗ ಬಿಡ್ತೀರಿ, ಮಾಸ್ತರ್ರ?” ಎಂದು ಸಿಸ್ಟರಮ್ಮ ಕೇಳಿದರು. ನಾನು ಸುಮ್ಮನಾದೆ. 42 ಎಂದು ಹೇಳಬೇಕು, ಆಮೇಲೆ ಗಡಿಯಾರ ನೋಡಿ ಹನಿ ಎಣಿಸಬೇಕು. ಅಂದು ಸಂಜೆ ಹಿತ್ತಲಿನ ಸೋರುವ ನಲ್ಲಿಯ ಮುಂದೆ ಗಡಿಯಾರ ಹಿಡಿದು ಕುಳಿತ ಹುಡುಗಿಯನ್ನು ಕಂಡು ನೆರೆಯವರು ಗಾಬರಿಯಾದದ್ದು ಬೇರೆ ಕಥೆ.

ಮೂರನೆಯ ದಿನ ಪಾಠ ನಮ್ಮ ಸೀಮೆಗೇ ಬಂತು. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರಗಳ ಕಡೆ ಭತ್ತದ ಗದ್ದೆಗಳಾದವು. ಗದ್ದೆಗಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಘೋಷಿಸಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ. ಯಾವ ಹಾವೆಂದು ಹುಡುಕಿ ಕೊಂದು ತರುವ ಕೆಲಸ ಬೇಡ. ಬಿಗಿಯಾಗಿ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಆಸ್ಪತ್ರೆಯಲ್ಲಿ ಒಣಗಿದ, ಶುದ್ಧವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು, ನಂತರ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆಯೆಂದು ಲೆಕ್ಕ. ನಾಗರ, ಕಟ್ಟುಹಾವುಗಳಲ್ಲಿ ರಕ್ತ ಹೆಪ್ಪುಗಟ್ಟಿಯೇ ಇರಬಹುದು. ಆಗ ರೆಪ್ಪೆ ಜೋತುಬೀಳುತ್ತಿದೆಯೆ, ಉಸಿರು ಕುಂದುತ್ತಿದೆಯೆ ಎಂದು ಬಿಡದೆ ನೋಡುತ್ತಿರಬೇಕು. ಔಷಧಿ ಹರಿಯುವಾಗ ಮೈ ತುರಿಸಿ, ಉಸಿರು ಕಟ್ಟುವುದುಂಟಾದ್ದರಿಂದ ಅಡ್ರಿನಲಿನ್ ಸಿದ್ಧವಾಗಿರಬೇಕು. ಇದನ್ನೆಲ್ಲ ಹುಡುಗಿ ಚೆನ್ನಾಗಿಯೇ ಹೇಳಿದಳು. ಹೇಳಿದ್ದು ಕನ್ನಡದಲ್ಲಿ. ಮುಗಿಸಿದವಳೇ ಮುಖ ಸಣ್ಣಗೆ ಮಾಡಿಕೊಂಡು, “ಆದ್ರ ಅಲ್ಲಿ ಇಂಗ್ಲಿಷಿನ್ಯಾಗ ಕೇಳ್ತಾರಲ್ರಿ. ನಾ ಮಾತಾಡಿದ್ರ ಹಳ್ಳಿಯಾಕಿ ಅಂತಾರ” ಎಂದಳು.

ಈ ಭಯ ನಮ್ಮ ಭಾಗದ ಎಷ್ಟು ಮಕ್ಕಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದೆಯೋ! ಬೆಂಗಳೂರಿನವರ ಮುಂದೆ ನಮ್ಮ ಮಾತು ಒರಟು. ಹೈದರಾಬಾದಿನವರ ಮುಂದೆ ನಮ್ಮ ಉರ್ದು ಅರ್ಧಂಬರ್ಧ. 1956ರವರೆಗೆ ಹೈದರಾಬಾದ್ ರಾಜ್ಯದ ಅಂಚಿನಲ್ಲಿಯೂ, ಆಮೇಲೆ ಕರ್ನಾಟಕದ ಅಂಚಿನಲ್ಲಿಯೂ ಇದ್ದ ಊರುಗಳಿಗೆ ಈ ಸಂಕೋಚ ರಕ್ತದಲ್ಲಿಯೇ ಇಳಿದಿದೆ. ಸಿಸ್ಟರಮ್ಮ ಅದಕ್ಕೆ ಉಪದೇಶ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದರು.

“ರಾತ್ರಿ ಎರಡು ಗಂಟಿ. ಎಂಟು ತಿಂಗಳ ಬಸುರಿ. ಹೆಸರು ಬರಸಕ್ಕಂತ ನಿಂತಾಳ. ‘ಯವ್ವಾ, ತಲಿ ಸಿಡಿಲಕತ್ತದ, ಕಣ್ಣಿಗಿ ಮಬ್ಬ ಬರ್ಲಕತ್ತದ, ಎದಿ ಕೆಳಗ ಹಿಡದಂಗ ಆಗ್ಯದ’ ಅಂತಾಳ. ಏನ ಮಾಡ್ತಿ?”

ಹುಡುಗಿ ತಡೆಯಲಿಲ್ಲ. ಅವಳನ್ನು ಸಾಲಿನಿಂದ ಹೊರಗೆ ಕರೆತಂದು ಎಡಮಗ್ಗುಲಾಗಿ ಮಲಗಿಸುತ್ತೇನೆ, ರಕ್ತದೊತ್ತಡ ನೋಡುತ್ತೇನೆ, ಮೂತ್ರದಲ್ಲಿ ಪ್ರೋಟೀನು ನೋಡುತ್ತೇನೆ, 140/90 ದಾಟಿದ್ದರೆ ಚಿಂತೆ, 160/110ಕ್ಕೆ ಮುಟ್ಟಿದ್ದರೆ ಒಂದು ಕ್ಷಣವೂ ಕಾಯುವಂತಿಲ್ಲ, ಡಾಕ್ಟರರನ್ನು ಎಬ್ಬಿಸುತ್ತೇನೆ, ಮೆಗ್ನೀಷಿಯಂ ಸಲ್ಫೇಟು ಸಿದ್ಧ ಮಾಡಿಕೊಳ್ಳುತ್ತೇನೆ, ಅದನ್ನು ಕೊಟ್ಟ ಮೇಲೆ ಮೊಣಕಾಲಿನ ಪ್ರತಿಕ್ರಿಯೆ, ಉಸಿರಾಟ, ಮೂತ್ರದ ಪ್ರಮಾಣ ನೋಡುತ್ತಿರುತ್ತೇನೆ, ವಿಷಮಿಸಿದರೆ ಕ್ಯಾಲ್ಸಿಯಂ ಗ್ಲುಕೊನೇಟು ಕೈಯಲ್ಲಿರಬೇಕು ಎಂದಳು.

“ಆಕಿ ಬಾಯಾಗ ಪ್ರೀ-ಎಕ್ಲಾಂಪ್ಸಿಯಾ ಅನ್ನೂ ಶಬ್ದ ಬಂತೇನು?”

“ಇಲ್ಲ್ರಿ.”

“ಮತ್ತ ನಿನಗ ಹ್ಯಾಂಗ ತಿಳೀತು?”

ಹುಡುಗಿ ಉತ್ತರ ಕೊಡಲಿಲ್ಲ, ಸ್ವಲ್ಪ ನಕ್ಕಳು. “ತಲಿ ಸಿಡಿಲಕತ್ತದ” ಎಂಬ ಮಾತಿನಲ್ಲಿ ಎಷ್ಟು ನೋವಿದೆಯೆಂಬುದು ದೂರದಿಂದ ಬಂದ ಉತ್ತಮ ದಾದಿಗೂ ತಡವಾಗಿ ತಿಳಿದೀತು. ನಮ್ಮ ಸೀಮೆಯಿಂದ ಗುಳೆ ಹೋಗಿ ಮರಳಿದವರು, ಲಂಬಾಣಿ ತಾಂಡಾಗಳವರು, ಅರ್ಧ ಕನ್ನಡ ಅರ್ಧ ತೆಲುಗು ಆಡುವ ಗಡಿಯ ಹಳ್ಳಿಗಳವರು ಕಲಬುರಗಿಯ ಆಸ್ಪತ್ರೆಗಳಿಗೇ ಹೋಗುವುದು. ಆದ್ದರಿಂದ ಅರ್ಜಿಯಲ್ಲಿ ಬಲ್ಲ ಭಾಷೆಗಳೆಂಬ ಸಾಲಿದ್ದಲ್ಲಿ ಕನ್ನಡ, ಉರ್ದು ಮಾತು, ತೆಲುಗು ಅರ್ಥವಾಗುತ್ತದೆ ಎಂದು ಇದ್ದಂತೆ ಬರೆಯಲು ಹೇಳಿದರು. ಇಂಗ್ಲಿಷಿನ ಮಟ್ಟಿಗೆ ಅವರು ಬಯಸಿದ್ದು ಒಂದೇ ಒಂದು ಅಭ್ಯಾಸ: ಡಾಕ್ಟರರಿಗೆ ಫೋನು ಮಾಡುವುದು. ರೋಗಿ ಯಾರು, ಈಗ ಏನಾಯಿತು, ಅಂಕಿಗಳೇನು, ನನಗೆ ನಿಮ್ಮಿಂದ ಏನು ಬೇಕು? ನಾಲ್ಕೇ ವಾಕ್ಯ. ಅದನ್ನು ಹುಡುಗಿ ನನಗೆ ಅಟ್ಟದ ಮೇಲಿನಿಂದ ಮೊಬೈಲಿನಲ್ಲಿ ನೂರಾರು ಸಲ ಹೇಳಿದಳು. ನಿದ್ದೆಗಣ್ಣಿನ ಸಿಡುಕು ಡಾಕ್ಟರನ ಪಾತ್ರ ನನ್ನದು. ನಮ್ಮ ಮನೆಯವರ ಪ್ರಕಾರ ಅಭಿನಯಕ್ಕೆ ನಾನು ಶ್ರಮಪಡಬೇಕಾಗಿರಲಿಲ್ಲ.

ಇಷ್ಟೆಲ್ಲ ಸುಗಮವಾಗಿ ಸಾಗುತ್ತಿದ್ದಾಗ ಐದನೆಯ ದಿನ ಸಂಜೆ ಗಂಟೊಂದು ಎದುರಾಯಿತು. “ಕೆಲಸದಲ್ಲಿ ನೀನು ಮಾಡಿದ ತಪ್ಪೊಂದನ್ನು ಹೇಳು” ಎಂದರು ಸಿಸ್ಟರಮ್ಮ. ಗೈಡಿನಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು: ನನ್ನ ತಪ್ಪೆಂದರೆ ನಾನು ವಿಪರೀತ ದುಡಿಯುತ್ತೇನೆ, ಎಂದು. ಹುಡುಗಿ ಅದನ್ನು ಹೇಳತೊಡಗಿ ಅರ್ಧಕ್ಕೇ ನಿಲ್ಲಿಸಿದಳು. ಕಣ್ಣು ತುಂಬಿತು. ನಮ್ಮ ಮನೆಯವರು ಒಳಗಿನಿಂದ ಬಂದು ಪಕ್ಕದಲ್ಲಿ ಕುಳಿತರು.

ಕಲಿಯುವ ಕಾಲದಲ್ಲಿ ನಡೆದದ್ದಂತೆ. ಯಾವ ಊರು, ಯಾವ ಆಸ್ಪತ್ರೆಯೆಂಬುದು ಬೇಡ. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು, ನಾಲ್ಕನೆಯ ಹಾಸಿಗೆಯಲ್ಲಿ ಒಬ್ಬರು, ಒಂಬತ್ತನೆಯದರಲ್ಲಿ ಒಬ್ಬರು. ನಮ್ಮ ಕಡೆ ಒಂದು ಓಣಿಯಲ್ಲಿ ನಿಂತು ಮಲ್ಲಮ್ಮಾ ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ; ಆಸ್ಪತ್ರೆಯಲ್ಲಿಯೂ ಹಾಗೆಯೇ. ಸಕ್ಕರೆ ಕಾಯಿಲೆಯವಳಿಗೆ ಎಂಟು ಯೂನಿಟ್ ಇನ್ಸುಲಿನ್ ಕೊಡಬೇಕಾಗಿತ್ತು. ಹುಡುಗಿ ಹೆಸರು ಕೂಗಿದಳು. ಇನ್ನೊಬ್ಬಳು “ಹೂಂ” ಎಂದು ತೋಳು ಚಾಚಿದಳು. ಚುಚ್ಚಿಬಿಟ್ಟಳು. ಗುರುತು ಹಾಕಲು ಚಾರ್ಟು ತೆಗೆದಾಗ ತಿಳಿಯಿತು.

“ಆಮ್ಯಾಲ?” ಎಂದರು ಸಿಸ್ಟರಮ್ಮ, ದನಿ ಬದಲಿಸದೆ.

ಓಡಿಹೋಗಿ ಹಿರಿಯ ಸಿಸ್ಟರಿಗೆ ಹೇಳಿದಳು. ಅವರು ಡಾಕ್ಟರರನ್ನು ಕರೆದರು. ಆ ಹೆಂಗಸಿಗೆ ಸಕ್ಕರೆ ನೀರು, ಊಟ ಕೊಟ್ಟು, ಮತ್ತೆ ಮತ್ತೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತ ರಾತ್ರಿಯವರೆಗೂ ಅಲ್ಲಿಯೇ ಕುಳಿತಳು. ಕೇಡೇನೂ ಆಗಲಿಲ್ಲ. ಬೈಗುಳವಾಯಿತು, ಬರೆದುಕೊಟ್ಟದ್ದಾಯಿತು. ರಾತ್ರಿ ಆ ಹೆಂಗಸಿಗೆ ತಾನೇ ನಡೆದುದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, “ನೀ ಹೇಳದಿದ್ರ ನನಗೇನ ತಿಳೀತಿತ್ತವ್ವಾ” ಎಂದಳಂತೆ. ಅದು ಕ್ಷಮೆಯೋ ಆಕ್ಷೇಪಣೆಯೋ ಹುಡುಗಿಗೆ ಇಂದಿಗೂ ಗೊತ್ತಿಲ್ಲ.

ನಾನು ಕೂಡಲೆ ತೀರ್ಪು ಕೊಟ್ಟೆ: “ಇದನ್ನು ಅಲ್ಲಿ ಬಾಯಿಬಿಡಬೇಡವ್ವಾ. ನ್ಯಾಯಾಲಯದಲ್ಲಿಯೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂಬ ನಿಯಮವಿಲ್ಲ.” ಫೋನಿನಲ್ಲಿ ಅಣ್ಣನದೂ ಅದೇ ಅಭಿಪ್ರಾಯ. ಇಷ್ಟು ಕಷ್ಟಪಟ್ಟು ಓದಿಸಿದ್ದು, ಒಂದು ಮಾತಿನಿಂದ ಎಲ್ಲ ಹೋದೀತೆಂಬ ತಂದೆಯ ಅಳುಕು ಸುಳ್ಳಲ್ಲ. ವಾಚಕರಲ್ಲಿಯೂ ಅನೇಕರು ನನ್ನ ಪಕ್ಷವೇ ಇದ್ದೀರಿ ಎಂದು ಬಲ್ಲೆ.

ಸಿಸ್ಟರಮ್ಮ ನನ್ನ ಕಡೆ ನೋಡಲೂ ಇಲ್ಲ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಮೇಜಿನ ಹಿಂದೆ ಕುಳಿತ ಹಳೆಯ ದಾದಿಯೊಬ್ಬರು. ವಾರ್ಡಿನಲ್ಲಿ ಎಂದೂ ತಪ್ಪು ಮಾಡಿಲ್ಲವೆನ್ನುವವಳು ಒಂದೋ ಕೆಲಸ ಮಾಡಿಲ್ಲ, ಅಥವಾ ತಪ್ಪಾದದ್ದು ಅವಳಿಗೆ ಕಂಡಿಲ್ಲ. ಎರಡನೆಯವಳಿಗೆ ರಾತ್ರಿಪಾಳಿ ಒಪ್ಪಿಸಲು ಅವರಿಗೆ ಭಯ. ಮುಚ್ಚಿಟ್ಟ ತಪ್ಪೇ ರೋಗಿಯನ್ನು ಕೊಲ್ಲುವುದು. ಹೇಳಿದ ತಪ್ಪಿಗೆ ಸಕ್ಕರೆ ನೀರು ಸಿಕ್ಕುತ್ತದೆ. ಅನಂತರ ಅವರು ತಮ್ಮದೇ ಒಂದು ಕಥೆ ಹೇಳಿದರು. ನೌಕರಿಯ ಎರಡನೆಯ ವರ್ಷ, ಹಗಲುಪಾಳಿಯವಳು ಸಂಜೆಯ ನಿದ್ದೆಯ ಔಷಧಿಯನ್ನು ಕೊಟ್ಟು ಹೋಗಿದ್ದಳು, ಬರೆದಿರಲಿಲ್ಲ. ಇವರು ಬಂದು ಮತ್ತೆ ಕೊಟ್ಟರು. ಮುದುಕ ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಅವನ ಎದೆ ಏರಿ ಇಳಿಯುವುದನ್ನು ಎಣಿಸುತ್ತ ಬೆಳಗು ಮಾಡಿದ್ದನ್ನು 30 ವರ್ಷಗಳ ನಂತರ ಹೇಳುವಾಗಲೂ ಅವರ ಕೈ ಸೆರಗಿನ ಅಂಚನ್ನು ಸುತ್ತುತ್ತಿತ್ತು. ನಾನು ಅವರನ್ನು ಎಷ್ಟೋ ವರ್ಷದಿಂದ ಬಲ್ಲೆ. ಈ ಕಥೆ ಕೇಳಿರಲಿಲ್ಲ.

ಆದರೆ ಹೇಳುವುದಕ್ಕೂ ಒಂದು ರೀತಿಯಿದೆ. ಅಳುವುದಲ್ಲ, ಇನ್ನೊಬ್ಬರ ಮೇಲೆ ಹಾಕುವುದಲ್ಲ. ಏನಾಯಿತು, ರೋಗಿಗೆ ಏನಾಯಿತು, ಯಾರಿಗೆ ಎಷ್ಟು ಹೊತ್ತಿನಲ್ಲಿ ತಿಳಿಸಿದೆ, ಅಂದಿನಿಂದ ನನ್ನ ಕೆಲಸದಲ್ಲಿ ಏನು ಬದಲಾಯಿತು, ಇಷ್ಟೇ. ಬದಲಾದದ್ದೇನೆಂದು ಕೇಳಿದಾಗ ಹುಡುಗಿ ಹೇಳಿದ್ದು ನನಗೆ ಹೊಸದು. ಅವಳು ಈಗ “ನೀವು ಮಲ್ಲಮ್ಮನೇ?” ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಜ್ವರದ ಮಂಪರಿನಲ್ಲಿ ಇದ್ದವರು ಯಾವ ಹೆಸರಿಗಾದರೂ ಹೂಂ ಎನ್ನುತ್ತಾರೆ. “ನಿಮ್ಮ ಹೆಸರು ಏನ್ರಿ? ಯಜಮಾನರ ಹೆಸರು? ಯಾವ ಊರು?” ಎಂದು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ಸಂಖ್ಯೆಯನ್ನು ಚಾರ್ಟಿನೊಡನೆ ತಾಳೆ ನೋಡುತ್ತಾಳೆ. ಸರಿಯಾದ ರೋಗಿ, ಸರಿಯಾದ ಔಷಧಿ, ಪ್ರಮಾಣ, ಮಾರ್ಗ, ವೇಳೆ ಎಂಬ ಐದನ್ನು ಪುಸ್ತಕ ಓದಿದವರೆಲ್ಲ ಹೇಳುತ್ತಾರೆ. ಮೊದಲನೆಯದರ ಅರ್ಥ ಈ ಹುಡುಗಿಗೆ ಒಂಬತ್ತನೆಯ ಹಾಸಿಗೆಯ ಬಳಿ ತಿಳಿಯಿತು.

ಸಂಬಳದ ಮಾತು ಬರದೆ ಅಣ್ಣನ ಫೋನು ಮುಗಿಯಲಿಲ್ಲ. ಮರ್ಯಾದೆಗಂಜಿ ನಮ್ಮ ಮಕ್ಕಳು ಇದನ್ನು ಕೇಳದೆ ಬಂದುಬಿಡುತ್ತಾರೆ. ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯೊಂದು ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ದಾದಿಯ ಸಮಾನ ವೇತನ, 50ಕ್ಕಿಂತ ಕಡಿಮೆಯಿದ್ದಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿರಬಾರದು ಎಂದು. ಅದು ಶಿಫಾರಸು, ಅನೇಕ ಕಡೆ ಕಾಗದದಲ್ಲಿಯೇ ಉಳಿದಿದೆ. ಆದರೂ ಕೇಳುವವಳಿಗೆ ಅಂಕಿ ಗೊತ್ತಿರಬೇಕು. ಸಂಬಳವೆಷ್ಟು, ಭವಿಷ್ಯನಿಧಿ ಉಂಟೆ, ಬಾಂಡು ಬರೆಸಿಕೊಳ್ಳುತ್ತಾರೆಯೆ, ರಾತ್ರಿಪಾಳಿ ಮುಗಿದವಳಿಗೆ ವಸತಿಗೃಹ ಎಲ್ಲಿದೆ, ಒಬ್ಬ ದಾದಿಗೆ ರಾತ್ರಿ ಎಷ್ಟು ರೋಗಿಗಳು? ಕೊನೆಗೆ “ನಿಮ್ಮ ಪ್ರಶ್ನೆಗಳೇನಾದರೂ ಉಂಟೆ” ಎಂದಾಗ ಇವನ್ನು ಕೇಳುವುದು ಉದ್ಧಟತನವಲ್ಲವೆಂದು ಸಿಸ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಅಣ್ಣನಿಗೆ ರಾತ್ರಿಪಾಳಿ ಎಂಬ ಶಬ್ದವೇ ಹಿಡಿಸದು. “ವರನ ಕಡೆಯವರು ಏನಂತಾರ?” ಎಂದ. ಆತನ ಎರಡೂ ಮಕ್ಕಳು ಹುಟ್ಟಿದ್ದು ರಾತ್ರಿಯಲ್ಲಿ, ಆಸ್ಪತ್ರೆಯಲ್ಲಿ. ಅಂದು ಯಾರ ಮಗಳು ಎಚ್ಚರವಿದ್ದಳೋ ಎಂದು ನಮ್ಮ ಮನೆಯವರು ಫೋನಿನ ಹತ್ತಿರ ಬಾಯಿ ತಂದು ಹೇಳಿದರು. ಆಚೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಸರ್ಕಾರಿ ನೌಕರಿಯ ದಾರಿ ಬೇರೆ. ಇಂಥ ಎದುರುಬದಿರಿನ ಪ್ರಶ್ನೆಗಳಿಗಿಂತ ಅಂಕಗಳದೂ ಲಿಖಿತ ಪರೀಕ್ಷೆಯದೂ ಅಲ್ಲಿ ದೊಡ್ಡ ಮಾತು. ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿಯಿಂದಾಗಿ ಗ್ರೂಪ್ ‘ಸಿ’ ಸ್ಥಳೀಯ ಹುದ್ದೆಗಳಲ್ಲಿ ನೂರಕ್ಕೆ 80 ಮೀಸಲು. ಅದಕ್ಕೆ ಬೇಕಾದ ಅರ್ಹತಾಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಜಿ ಕರೆಯುವ ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು. 2018ರಲ್ಲಿ ಹಿಂದುಳಿದ ಆಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿದ ನಮ್ಮ ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಆಗಿದೆ. ಹುಡುಗಿ ಆ ಅರ್ಜಿಯನ್ನೂ ಹಾಕಿಯೇ ಇಟ್ಟಿದ್ದಾಳೆ.

ಗೊತ್ತಾದ ದಿನ ಬೆಳಗಿನ ಗಾಡಿಗೆ ಹುಡುಗಿಯನ್ನು ಹತ್ತಿಸಲು ನಾವು ಮೂವರೂ ನಿಲ್ದಾಣಕ್ಕೆ ಹೋದೆವು. ಇಸ್ತ್ರಿ ಮಾಡಿದ ತಿಳಿಬಣ್ಣದ ಚೂಡಿದಾರ, ಬಿಗಿದ ಜಡೆ, ಕತ್ತರಿಸಿದ ಉಗುರು, ಕೈಯಲ್ಲಿ ಬಳೆಯಿಲ್ಲ, ಸೆಕೆಂಡಿನ ಮುಳ್ಳಿರುವ ಗಡಿಯಾರ. ಹೊಸ ಚಪ್ಪಲಿ ಬೇಡ, ಕಚ್ಚೀತು ಎಂಬುದು ಸಿಸ್ಟರಮ್ಮನ ಅಪ್ಪಣೆ. ನಮ್ಮ ಮನೆಯವರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ನಾನು ಮಾತ್ರ ಕೊನೆಯ ಗಳಿಗೆಯಲ್ಲಿ ಕಿಟಕಿಯ ಬಳಿ ಬಾಗಿ, “ಆ ಇನ್ಸುಲಿನ್ ವಿಷಯ... ಕೇಳಿದರೆ ಮಾತ್ರ” ಎಂದೆ. ಹಳೆಯ ಬುದ್ಧಿ ಎಲ್ಲಿ ಹೋಗುತ್ತದೆ!

ಕೇಳಿದರು. ಅದನ್ನೇ ಕೇಳಿದರು. ರಾತ್ರಿ ಮರಳಿ ಬಂದ ಹುಡುಗಿ ಕಾಲು ಚಾಚಿ ಕುಳಿತು ಎಲ್ಲವನ್ನೂ ವರದಿ ಮಾಡಿದಳು. ಮೇಜಿನ ಹಿಂದೆ ಮೂವರು: ಒಬ್ಬ ಡಾಕ್ಟರು, ಕಾಗದಗಳನ್ನು ನೋಡುವ ಒಬ್ಬ ತರುಣ, ನರೆಗೂದಲಿನ ಒಬ್ಬ ಮೇಟ್ರನ್. ಪರಿಚಯವನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿ, “ಉಳಿದದ್ದು ಕನ್ನಡದಲ್ಲಿ ಹೇಳಬಹುದೇ” ಎಂದು ಕೇಳಿದಳಂತೆ; ಡಾಕ್ಟರು ತಲೆಯಾಡಿಸಿದರು. ಹನಿಯ ಲೆಕ್ಕ ಬಂತು, 42 ಎಂದಳು. ಗೊತ್ತಿಲ್ಲದ ಯಂತ್ರವೊಂದರ ಬಗ್ಗೆ ಕೇಳಿದಾಗ, “ನಾನು ಅದನ್ನು ನಡೆಸಿಲ್ಲ, ಕಲಿಸಿದರೆ ಕಲಿಯುತ್ತೇನೆ, ಕಲಿಯುವವರೆಗೆ ಒಬ್ಬಳೇ ಮುಟ್ಟುವುದಿಲ್ಲ” ಎಂದಳು. ಆಮೇಲೆ ಮೇಟ್ರನ್ ಮೆಲ್ಲನೆ ತಪ್ಪಿನ ಪ್ರಶ್ನೆ ಕೇಳಿದರು. ಹುಡುಗಿ ಹೇಳಿದಳು. ತರುಣ ಏನನ್ನೋ ಬರೆದುಕೊಂಡ. ಡಾಕ್ಟರು ಕಿಟಕಿಯ ಕಡೆ ನೋಡಿದರು. ಮೇಟ್ರನ್ ಕೇಳಿದ್ದು ಒಂದೇ: “ಆ ಹೆಣ್ಣುಮಗಳಿಗೆ ಹೇಳಿದವರು ಯಾರು? ನೀವೋ, ನಿಮ್ಮ ಸಿಸ್ಟರೋ?” “ನಾನೇ” ಎಂದಳು. ಅಷ್ಟಕ್ಕೆ ಕಳುಹಿಸಿಬಿಟ್ಟರು.

“ಮುಗೀತು, ಕಾಕಾ. ನೀವು ಹೇಳಿದ್ದೇ ಖರೆ ಇತ್ತೋ ಏನೋ” ಎಂದು ಹುಡುಗಿ ಮಲಗಲು ಹೋದಳು. ನನಗೂ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಸರಿಯೆಂದು ತೋರಿದ ಸಲಹೆಯನ್ನು ಸಮರ್ಥಿಸಿಕೊಳ್ಳಲೂ ಮನಸ್ಸಿರಲಿಲ್ಲ, ಬಿಟ್ಟುಕೊಡಲೂ ಧೈರ್ಯವಿರಲಿಲ್ಲ.

ಒಂಬತ್ತು ದಿನಗಳ ಮೇಲೆ ಸುರಪುರದಿಂದ ಫೋನು ಬಂತು. ಹೆರಿಗೆ ವಾರ್ಡಿಗೆ ಆರಿಸಿದ್ದಾರೆ; ಮೊದಲ ಆರು ತಿಂಗಳು ಪರೀಕ್ಷಾರ್ಥವಾಗಿ; ಮುಂದಿನ ಸೋಮವಾರ ಹಾಜರಾಗಬೇಕು; ಮೊದಲ ವಾರವೇ ರಾತ್ರಿಪಾಳಿ. ಅಣ್ಣ ಫೋನು ಕಸಿದುಕೊಂಡು, ವಸತಿಗೃಹಕ್ಕೆ ಕಾವಲುಗಾರನಿದ್ದಾನೆಯೆ, ಸೋಮವಾರ ತಾನೂ ಬಂದು ನೋಡಬಹುದೆ ಎಂದು ಕೇಳಿದ. ವರನ ಕಡೆಯವರ ಮಾತು ಎತ್ತಲಿಲ್ಲ.

ನಾನು ಓಡುತ್ತಾ ಸಿಸ್ಟರಮ್ಮನ ಮನೆಗೆ ಹೋಗಿ ಸುದ್ದಿ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಸಂತೋಷಪಟ್ಟರು, ಆದರೆ ಕೈ ನಿಲ್ಲಿಸಲಿಲ್ಲ.

“ರಾತ್ರಿ ಎಷ್ಟು ಮಂದಿ ಬಾಣಂತ್ಯಾರು? ಎಷ್ಟು ಮಂದಿ ಸಿಸ್ಟರ್?”

ನಾನು ತಲೆ ಕೆರೆದುಕೊಂಡೆ. ಹುಡುಗಿ ಸಂಬಳ ಕೇಳಿದ್ದಳು, ಬಾಂಡಿನ ವಿಷಯ ಕೇಳಿದ್ದಳು. ಇದೊಂದನ್ನು ಬಿಟ್ಟುಬಿಟ್ಟಿದ್ದಳು.

“ಈಗ ಫೋನ್ ಹಚ್ಚಿ ಕೇಳಂತ ಹೇಳ್ರಿ, ಮಾಸ್ತರ್ರ. ಸೋಮವಾರದೊಳಗ” ಎಂದು ಅವರು ಮೊರವನ್ನು ಬೆಳಕಿನ ಕಡೆ ತಿರುಗಿಸಿದರು.